ಹಸಿರು ಬಳಿದ ತಾಲ್ಲೂಕಿನಲ್ಲಿ ಲಸಿಕೆ ಕಾಣದ ಶೆಡ್ಡು

ದಡಾರ ಹರಡದಂತೆ ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗಾದರೂ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡೂ ಡೋಸ್ ಆಗಿರಬೇಕು. ತಾಲ್ಲೂಕಿನ ಸರಾಸರಿ 96 ಬಂತೆಂದು ನಕ್ಷೆಗೆ ಹಸಿರು ಬಳಿದು ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಉಳಿದ 4 ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಇರುವುದಿಲ್ಲ. ಇಟ್ಟಿಗೆ ಗೂಡಿನ ಶೆಡ್ಡು, ಕಬ್ಬು ಕಡಿಯುವವರ ಗುಡಿಸಲು, ಕಾಫಿ ತೋಟದ ಲೈನ್ ಮನೆ, ಹೀಗೆ ಒಂದೇ ಕಡೆ ಗುಂಪಾಗಿರುತ್ತಾರೆ. ಕಾಯಿಲೆ ಹೊತ್ತಿಕೊಳ್ಳುವುದೂ ಅಲ್ಲೇ. ಆಶಾ ಸರ್ವೆ ಪುಸ್ತಕದಲ್ಲಿ ಅವರ ಹೆಸರೇ ಇಲ್ಲದಿದ್ದರೆ 96ರ ಲೆಕ್ಕಕ್ಕೂ ಅವರು ಸೇರಿಲ್ಲ ಎಂದರ್ಥ.

ಹಾಗಾಗಿ ನಕ್ಷೆ ಮನೆಗಳಿಂದ ಶುರುವಾಗಲಿ, ಲಸಿಕೆ ದಾಖಲೆ ಆಮೇಲೆ ಬರಲಿ. ಆರೋಗ್ಯ ಉಪಕೇಂದ್ರದ ವ್ಯಾಪ್ತಿಯ ಉಪಗ್ರಹ ಚಿತ್ರದಲ್ಲಿ ಸೂರು ಕಂಡ ಪ್ರತಿ ಗುಂಪಿಗೂ ನಂಬರ್ ಹಾಕಿ, ಮೈಕ್ರೋಪ್ಲಾನಿನಲ್ಲಿರುವ (ಎಲ್ಲೆಲ್ಲಿ, ಯಾವಾಗ ಲಸಿಕೆ ಹಾಕಬೇಕೆಂಬ ಯೋಜನೆಯಲ್ಲಿರುವ) ಜಾಗಗಳನ್ನು ಅದರಿಂದ ಹೊಡೆದುಹಾಕುತ್ತ ಬನ್ನಿ. ಮಿಕ್ಕಿದ ನಂಬರುಗಳೇ ನಿಮ್ಮ ಕೆಲಸ. ನೈಜೀರಿಯಾದ ಪೋಲಿಯೊ ತಂಡಗಳು ಕೈಯಲ್ಲಿ ಬರೆದ ನಕ್ಷೆಯಲ್ಲಿ ಬಿಟ್ಟುಹೋಗಿದ್ದ ಎಷ್ಟೋ ಊರುಗಳನ್ನು ಪತ್ತೆಹಚ್ಚಿದ್ದು ಉಪಗ್ರಹ ಚಿತ್ರಗಳಿಂದಲೇ. ಒಂದು ಎಚ್ಚರಿಕೆ: ಚಿತ್ರ ಹಳೆಯದಾಗಿದ್ದರೆ ಈ ವರ್ಷದ ಶೆಡ್ಡು ಅದರಲ್ಲಿ ಇರುವುದಿಲ್ಲ. ಕಬ್ಬಿನ ಕಟಾವು ಶುರುವಾದ ಕೂಡಲೇ ಮೇಸ್ತ್ರಿಗಳನ್ನು ಕೇಳಿ ಪಟ್ಟಿ ತಿದ್ದಲೇಬೇಕು.

ತಪ್ಪುಗಳು ಬರುವುದು ಸಣ್ಣಪುಟ್ಟದರಲ್ಲಿ. ಅಕ್ಷಾಂಶ ರೇಖಾಂಶ ಅದಲುಬದಲಾಗಿ 13, 76 ಎಂಬುದು 76, 13 ಆದರೆ ನಮ್ಮ ಹಳ್ಳಿ ಆರ್ಕ್ಟಿಕ್ ಸಾಗರದಲ್ಲಿರುತ್ತದೆ. ಇದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಶಿಬಿರದ ಜಾಗದಲ್ಲಿ ಒತ್ತಬೇಕಾದ ಜಿಪಿಎಸ್ಸನ್ನು ಸಂಜೆ ಆಸ್ಪತ್ರೆಗೆ ಬಂದು ಒತ್ತಿದ್ದು ಮಾತ್ರ ಬೇಗ ಕಾಣುವುದಿಲ್ಲ. ಹತ್ತು ಶಿಬಿರದ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದರೆ ಅನುಮಾನಪಡಿ. ಊರುಗಳನ್ನು ಹೆಸರಿನಿಂದ ಜೋಡಿಸಲೇಬೇಡಿ, ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ. ಗ್ರಾಮದ ಕೋಡ್ ಬಳಸಿ. ದೂರವನ್ನು ಗೆರೆ ಎಳೆದು ಅಳೆದರೂ ಮೋಸವೇ. ಶರಾವತಿ ಹಿನ್ನೀರಿನ ಆಚೆ ದಡ ನಕ್ಷೆಯಲ್ಲಿ ಹತ್ತಿರ, ರಸ್ತೆ ಹಿಡಿದವರಿಗೆ ದೂರ.

ಮನೆ ಸಿಕ್ಕ ಮೇಲೆ ದಾಖಲೆ. ತಾಯಿ ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ದರೆ, ನೋಂದಾಯಿಸಿದ್ದ ಮೊಬೈಲ್ ನಂಬರಿನಿಂದ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಹುಡುಕಿ. ಪ್ರತಿ ಗುಂಪಿಗೂ ಪೆಂಟಾ-1 (ಎಳೆಗೂಸಿಗೆ ಹಾಕುವ, ಐದು ರೋಗ ತಡೆಯುವ ಲಸಿಕೆಯ ಮೊದಲ ಡೋಸ್) ಪಡೆದವರಲ್ಲಿ ಎಷ್ಟು ಮಂದಿ ಎಂಆರ್-1ಕ್ಕೆ ಬರಲಿಲ್ಲ ಎಂದು ಲೆಕ್ಕ ಹಾಕಿ. ನೂರಕ್ಕೆ 10 ದಾಟಿದರೆ, ಅವರು ಒಮ್ಮೆ ನಮ್ಮ ಕೈಗೆ ಸಿಕ್ಕು ಆಮೇಲೆ ತಪ್ಪಿಹೋದವರು. ಪೆಂಟಾ-1 ಕೂಡ ಆಗಿಲ್ಲವೆಂದರೆ ನಾವು ಅಲ್ಲಿಗೆ ಹೋಗಿಯೇ ಇಲ್ಲ. ಎರಡಕ್ಕೂ ಮದ್ದು ಬೇರೆ. ಮನೆ ಮನೆಯ ಚುಕ್ಕೆಯಿರುವ ನಕ್ಷೆ ಮಾತ್ರ ವಾಟ್ಸಾಪ್ ಗುಂಪಿಗೆ ಹೋಗಕೂಡದು.

ಎಂಆರ್ ವಯಲ್ (ಹಲವು ಡೋಸ್‌ಗಳಿರುವ ಲಸಿಕೆ ಸೀಸೆ) ಕಲಸಿದ 4 ಗಂಟೆಯೊಳಗೆ ಖಾಲಿಯಾಗದಿದ್ದರೆ ಎಸೆಯಬೇಕು. ಆ ಭಯಕ್ಕೆ, ಒಂದೇ ಮಗು ಬಂದಾಗ "ಮುಂದಿನ ಸಲ ಬಾಮ್ಮ" ಎಂದು ಕಳಿಸುವುದುಂಟು. ಒಂದು ಮಗುವಿಗೂ ವಯಲ್ ಒಡೆಯಬೇಕೆಂಬುದೇ ನಿಯಮ. ನಕ್ಷೆಯಲ್ಲಿ ಅಕ್ಕಪಕ್ಕದ ಮೂರು ಶೆಡ್ಡುಗಳನ್ನು ಸೇರಿಸಿ ಒಂದೇ ಬೆಳಿಗ್ಗೆ ಶಿಬಿರ ಇಟ್ಟರೆ, ಹಾಗೆ ವಾಪಸ್ ಕಳಿಸುವ ಸಂದರ್ಭವೇ ಬರುವುದು ಕಡಿಮೆ.