ಹೊಟ್ಟೆಯೊಳಗಿನ ಸುಣ್ಣ

ಹನ್ನೆರಡು ವರ್ಷ ನಮ್ಮ ಬಚ್ಚಲುಮನೆಯ ಗೋಡೆಗೆ ಆತುಕೊಂಡಿದ್ದ ಗೀಸರಿಗೆ ವಯಸ್ಸಾಯಿತೆಂಬುದನ್ನು ಮನೆಯಲ್ಲಿ ಮೊದಲು ಗುರುತಿಸಿದವರು ಎಂಬತ್ತರ ಹತ್ತಿರವಿರುವ ನಮ್ಮ ತಾಯಿ. "ಅದು ಒಳಗೊಳಗೇ ಗೊಣಗ್ತಾ ಇದೆ ಕಣೋ" ಎಂದು ಅವರು ಹೇಳಿದಾಗ ನಾನು ನಕ್ಕು ಸುಮ್ಮನಾಗಿದ್ದೆ. ಆಮೇಲೊಂದು ದಿನ ಕಿವಿಗೊಟ್ಟು ಕೇಳಿದರೆ, ಅನ್ನದ ತಪ್ಪಲೆಯ ಮುಚ್ಚಳದಡಿ ಕೇಳುವಂಥ ಕೊತಕೊತ ಸದ್ದು ನಿಜವಾಗಿಯೂ ಬರುತ್ತಿತ್ತು. ಮುಂದೆ ಬಿಸಿನೀರು ಒಂದೇ ಬಕೆಟ್ಟಿಗೆ ಮುಗಿಯತೊಡಗಿತು. ಅದರ ಬಣ್ಣ ತೆಳು ಚಹಾದಂತಾಯಿತು. ಕಡೆಗೆ ಟ್ಯಾಂಕಿನ ತಳದಿಂದ ಹನಿ ಬೀಳಲು ಶುರುವಾಯಿತು. ಹನಿಯ ಕೆಳಗೆ ಮಗ್ಗನ್ನಿಟ್ಟು ಮತ್ತೆರಡು ವಾರ ದೂಡಿದ್ದು ನನ್ನ ಜಾಣತನ.

ಅಂಗಡಿಯವರು ಕಳುಹಿಸಿದ ಮೆಕ್ಯಾನಿಕ್ ಐವತ್ತು ದಾಟಿದ ಮಿತಭಾಷಿ. ಹನಿ ಬೀಳುವ ಜಾಗಕ್ಕೆ ಟಾರ್ಚು ಬಿಟ್ಟು ನೋಡಿ, "ಟ್ಯಾಂಕ್ ತೂತು ಬಿದ್ದ ಮೇಲೆ ರಿಪೇರಿ ಆಗಲ್ಲ ಸಾರ್, ಹೊಸದೇ ಹಾಕಿಸಿಬಿಡಿ" ಎಂದರು. ಕಾಯಿಲು ಸುಟ್ಟಿದ್ದರೆ, ಥರ್ಮೋಸ್ಟ್ಯಾಟ್ ಕೆಟ್ಟಿದ್ದರೆ ಬದಲಿಸಬಹುದಿತ್ತಂತೆ. ಹೊಸದು ಬಂದ ದಿನ ಹಳೆಯದನ್ನು ಇಳಿಸಲು ನಾನೂ ಕೈಜೋಡಿಸಿದೆ. ನೀರನ್ನೆಲ್ಲ ಬಸಿದಾಗಿತ್ತು, ಆದರೂ ಅದು ಹೊರಲಾರದಷ್ಟು ಭಾರವಾಗಿತ್ತು. ಅಂಗಳದಲ್ಲಿ ಮಗುಚಿ, ತಳದ ಬೋಲ್ಟು ಬಿಚ್ಚಿ ಕಾಯಿಲನ್ನು ಎಳೆದಾಗ ಕಾರಣ ಕಣ್ಣೆದುರೇ ಸುರಿಯಿತು. ಚಕ್ಕೆಚಕ್ಕೆಯಾದ ಬೂದುಬಿಳಿ ಸುಣ್ಣ, ಒಡೆದ ಮೊಟ್ಟೆಯ ಚಿಪ್ಪಿನಂಥದ್ದು, ಅರ್ಧ ಬಕೆಟ್ಟಿನಷ್ಟು. ಬೆರಳುಗಾತ್ರವಿರಬೇಕಾದ ಕಾಯಿಲು ಹುತ್ತ ಬೆಳೆದಂತೆ ನನ್ನ ಮುಂಗೈಯಷ್ಟು ದಪ್ಪವಾಗಿತ್ತು.

ಅದು ನಮ್ಮ ಕೋಲಾರದ ನೆಲ. ಸದಾ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದ್ದರೂ, ನಮ್ಮ ಬಚ್ಚಲಿಗೆ ಬರುವುದು ಬಂಡೆಯಾಳದಿಂದ ಮೋಟಾರು ಎಳೆದು ತರುವ ಬೋರ್‌ವೆಲ್ಲಿನ ಗಡಸು ನೀರೇ. ತಣ್ಣಗಿರುವಷ್ಟು ಹೊತ್ತು ಅದರಲ್ಲಿ ಕರಗಿ ಅಡಗಿರುವ ಸುಣ್ಣದಂಶವು ಕಾದ ಕೂಡಲೇ ಬೇರ್ಪಟ್ಟು, ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಎಂದರೆ ಕಾಯಿಲಿಗೇ, ಹೋಗಿ ಅಂಟುತ್ತದೆ. ಕವಚ ದಪ್ಪವಾದಂತೆ ಬಿಸಿಯು ನೀರಿಗೆ ಸಲೀಸಾಗಿ ದಾಟದೆ ಕಾಯಿಲು ತಾನೇ ಅತಿಯಾಗಿ ಕಾಯುತ್ತದೆ, ಗೊಣಗುತ್ತದೆ. ಐಸ್‌ಲ್ಯಾಂಡಿನ ಗೇಸಿರ್ ಎಂಬ ಬಿಸಿನೀರ ಬುಗ್ಗೆಯಿಂದ ಹುಟ್ಟಿದ ಹೆಸರು, ಬಸವನ ಬಾಯಿಂದ ತಣ್ಣೀರು ಬೀಳುವ ಅಂತರಗಂಗೆಯ ತಪ್ಪಲಿಗೆ ಬಂದು ಹೀಗೆ ಸುಣ್ಣದ ಗೂಡಾಗಬೇಕಿತ್ತೆ?

ನಮ್ಮ ತಾಯಿ ಒಂದು ಚಕ್ಕೆಯನ್ನು ಬೆರಳಲ್ಲಿ ಪುಡಿಮಾಡಿ ನೋಡಿ, "ಇಷ್ಟು ವರ್ಷ ಇದನ್ನ ಒಂದು ಸಲವೂ ಉಜ್ಜಿಲ್ಲವಾ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಅವರ ಸಂಸಾರದ ಮೊದಲ ಮೂವತ್ತು ವರ್ಷ ಸ್ನಾನದ ನೀರು ಕಾದದ್ದು ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಯಲ್ಲಿ. ಸೌದೆ ಊದಿ ಕಣ್ಣು ಕೆಂಪಾಗುತ್ತಿತ್ತು, ಮಸಿ ಸೆರಗಿಗೆ ಮೆತ್ತುತ್ತಿತ್ತು. ಆ ಕಷ್ಟವನ್ನು ಹೊಗಳುವ ಹುಚ್ಚು ನನಗಿಲ್ಲ. ಆದರೆ ಹಂಡೆಯ ಬಾಯಿ ತೆರೆದಿರುತ್ತಿತ್ತು. ತಳದಲ್ಲಿ ಬಿಳಿ ಕಟ್ಟಿದ್ದು ಕಣ್ಣಿಗೆ ಕಾಣುತ್ತಿದ್ದುದರಿಂದ ಅವರು ಅದರೊಳಗೆ ಭುಜದವರೆಗೆ ಕೈಯಿಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಗೀಸರಿನದು ಮುಚ್ಚಿದ ಹೊಟ್ಟೆ. ಹೊರಗೆ ಕೆಂಪು ದೀಪ ಉರಿದರೆ ಒಳಗೆಲ್ಲ ಕ್ಷೇಮವೆಂದು ನಾವು ಭಾವಿಸಿದೆವು.

ಟ್ಯಾಂಕಿನೊಳಗೆ ತೆಳ್ಳನೆಯ ಮೆಗ್ನೀಷಿಯಂ ಸರಳೊಂದಿರುತ್ತದೆಂಬುದೂ ನನಗೆ ಗೊತ್ತಾದದ್ದು ಅಂದೇ. ಉಕ್ಕಿನ ಟ್ಯಾಂಕು ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ; ಅದು ಪೂರ್ತಿ ಸವೆದುಹೋಯಿತೆಂದರೆ ತುಕ್ಕು ಟ್ಯಾಂಕಿಗೇ ಕೈಹಾಕುತ್ತದೆ. ನಮ್ಮದರಲ್ಲಿ ಉಳಿದಿದ್ದದ್ದು ಬರೀ ಒಂದು ತಂತಿ.

ಹೊಸದನ್ನು ಕೂರಿಸುವುದೆಂದರೆ ಎರಡು ಬೋಲ್ಟಿನ ಕೆಲಸವೆಂದು ನಾನು ಎಣಿಸಿದ್ದೆ. ಹಳೆಯ ತೂತುಗಳಿಗೂ ಹೊಸ ಪಟ್ಟಿಗೂ ತಾಳೆಯಾಗಲಿಲ್ಲ. ಮೆಕ್ಯಾನಿಕ್ ರಸಮಟ್ಟ ಹಿಡಿದು ಗುರುತು ಹಾಕಿ, ಟೈಲ್ಸು ಸೀಳದಂತೆ ಡ್ರಿಲ್ಲನ್ನು ಮೊದಲು ಮೆಲ್ಲಗೆ ತಿರುಗಿಸಿ, ಇಟ್ಟಿಗೆ ಸಿಕ್ಕ ಮೇಲಷ್ಟೇ ಜೋರು ಮಾಡಿದರು. 25 ಲೀಟರು ನೀರು ತುಂಬಿದ ಮೇಲೆ ತಲೆಯ ಮೇಲೆ ತೂಗುವ ಭಾರವನ್ನು ನೆನೆದಾಗ ಆ ನಿಧಾನದ ಬೆಲೆ ತಿಳಿಯಿತು.

ಅದಕ್ಕಿಂತ ಹೆಚ್ಚು ಬೆವರಿಳಿಸಿದ್ದು ಸಾಕೆಟ್ಟು. ಬಿಚ್ಚಿ ನೋಡಿದರೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನ ಹಸಿರು ತಂತಿಯನ್ನು ಹಿಂದೆ ಯಾರೋ ಕತ್ತರಿಸಿ ಸುತ್ತಿಟ್ಟಿದ್ದರು. ಹನ್ನೆರಡು ವರ್ಷ ನಾವೆಲ್ಲ ದೇವರ ದಯೆಯಿಂದ ಸ್ನಾನ ಮಾಡಿದ್ದೆವು. ಜೋಡಿಸಿ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬು ಮಂಕಾಗಿ ಉರಿಯಿತು. "ಅರ್ತ್ ಗುಂಡಿಗೆ ನೀರು ಹಾಕಿ ಎಷ್ಟು ದಿನ ಆಯ್ತು ಸಾರ್?" ಎಂಬ ಪ್ರಶ್ನೆ ಬಂತು. ಕುಡಿಯಲು ಕ್ಯಾನು, ತೊಳೆಯಲು ಟ್ಯಾಂಕರು ಎಂದು ಎಣಿಸಿ ಬದುಕುವ ಊರಿನಲ್ಲಿ ಭೂಮಿಗೂ ನೀರು ಕುಡಿಸಬೇಕೆಂದು ಯಾರಿಗೆ ಹೊಳೆದೀತು? ಉಪ್ಪು ಇದ್ದಿಲು ತುಂಬಿದ್ದ ಆ ಗುಂಡಿ ಒಣಗಿ ಬಿರುಕುಬಿಟ್ಟಿತ್ತು. ನಾಲ್ಕು ಬಕೆಟ್ಟು ಸುರಿದು, ಚಹಾ ಕುಡಿದು ಬಂದು ಮತ್ತೆ ಹಿಡಿದಾಗ ಬಲ್ಬು ಬೆಳ್ಳಗೆ ಬೆಳಗಿತು.

ಸ್ವಿಚ್ಚು ಹಾಕಲು ಹೋದ ನನ್ನ ಕೈಯನ್ನು ಅವರು ತಡೆದರು. ಮೊದಲು ಬಿಸಿನೀರಿನ ನಲ್ಲಿ ತೆರೆದು, ಗಾಳಿಯೆಲ್ಲ ಉಗುಳಿ ಧಾರೆ ಸಮವಾಗುವವರೆಗೂ ಕಾಯಬೇಕು. ಒಣ ಟ್ಯಾಂಕಿಗೆ ಕರೆಂಟು ಕೊಟ್ಟರೆ ಹೊಸ ಕಾಯಿಲು ಅಂದೇ ಸುಡುತ್ತದೆ. ನೀರು ಕಾಯುವಾಗ ಹಿಗ್ಗುವುದರಿಂದ ತಣ್ಣೀರಿನ ಕೊಳವೆಗೆ ಹಾಕಿದ ವಾಲ್ವಿನಿಂದ ಒಂದೆರಡು ಲೋಟದಷ್ಟು ನೀರು ತೊಟ್ಟಿಕ್ಕಬಹುದು, ಸೋರುತ್ತಿದೆಯೆಂದು ಅದನ್ನು ಮುಚ್ಚಬೇಡಿ ಎಂದೂ ಎಚ್ಚರಿಸಿದರು. 2000 ವ್ಯಾಟಿನ ಕಾಯಿಲಿಗೆ 25 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೇರಿಸಲು ಅರ್ಧ ಗಂಟೆ, ಒಂದು ಯೂನಿಟ್ಟು ಸಾಕು. ನಾನು ಗಡಿಯಾರ ಹಿಡಿದು ನಿಂತೇ ನೋಡಿದೆ. ಹೊರಡುವ ಮುನ್ನ ಅವರು ಪೆನ್ಸಿಲಿನಿಂದ ಗೀಸರಿನ ಬದಿಯಲ್ಲಿ ತಾರೀಕು ಬರೆದು, ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ, ಸರಳು ನೋಡಿಸಿ ಎಂದರು.

ಹದಿನೈದು ದಿನಕ್ಕೆ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಅಟ್ಟದಿಂದಿಳಿದ ಹಂಡೆಗೆ ತಾಯಿ ಎಂದಿನಂತೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದರು. ಬೆರಳಲ್ಲಿ ಉಳಿದಿದ್ದ ಸುಣ್ಣವನ್ನು, "ಹೊರಗೆ ಹಚ್ಚೋದು ಇದು, ಒಳಗಲ್ಲ" ಎನ್ನುತ್ತ ಗೀಸರಿನ ಬದಿಗೂ ಒರೆಸಿದರು. ಆ ಪೆನ್ಸಿಲಿನ ತಾರೀಕು ಅಳಿಸದಂತೆ, ಅದರ ಸ್ವಲ್ಪ ಮೇಲಕ್ಕೆ.