ಇನ್ನೊಂದು ಕೋಣೆ ಎತ್ತ ಕಡೆಗೆ?

ನಮ್ಮ ಮಾಳಿಗೆ ಮೇಲೆ ಮೂಲೆಮೂಲೆಗೂ ಕಬ್ಬಿಣದ ಕಂಬಿಗಳು ಎದ್ದು ನಿಂತಿದ್ದವು. ಮಾವನವರು ಬಿಟ್ಟುಹೋದ ಆಸ್ತಿ. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತಲ್ಲ, ಇನ್ನು ಸೈಟುಗಳ ಬೆಲೆ ಏರುತ್ತದೆ ಅಂತ ಮರುವರ್ಷವೇ ಸಾಲ ಮಾಡಿ ಮನೆ ಕಟ್ಟಿಸಿದರು. ಮೂವತ್ತು-ನಲವತ್ತರ ಸೈಟು, ಎರಡು ಕೋಣೆ, ಹಾಲು, ಅಡುಗೆಮನೆ. ಪಿಲ್ಲರಿನ ಕಂಬಿ ಮಾತ್ರ ಕತ್ತರಿಸಲು ಬಿಡಲಿಲ್ಲ. ‘ಮುಂದ ಮ್ಯಾಲೆ ಕಟ್ಟೋರು ಅದಾರ’ ಅಂದರಂತೆ. ಕಟ್ಟೋರು ಅಂದರೆ ನಾವು. ನಾವು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಆ ಕಂಬಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಂಡು ಬಂದೆವು.

ಹೋದ ವರ್ಷ ಮಗನ ಮದುವೆ ಗೊತ್ತಾಯಿತು. ಒಂದು ಕೋಣೆ ಅತ್ತೆಯದು, ಒಂದು ನಮ್ಮದು. ಮಗ ಹಾಲಿನಲ್ಲಿ ಟಿವಿ ಎದುರಿಗೆ ಮಲಗುತ್ತಿದ್ದ. ಸೊಸೆಯನ್ನೂ ಟಿವಿ ಎದುರಿಗೆ ಮಲಗಿಸಲು ಬರುವುದಿಲ್ಲ.

ನನ್ನ ತವರು ಕುಷ್ಟಗಿ ಕಡೆಯ ಹಳ್ಳಿ. ಅಲ್ಲಿ ಈ ತಲೆನೋವು ಇರಲಿಲ್ಲ. ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ದೊಡ್ಡಪ್ಪನ ಮಗನಿಗೆ ಹೆಣ್ಣು ಗೊತ್ತಾದಾಗ ಮನೆಯ ಬಗಲಿಗೆ ಒಂದು ಅಂಕಣ ಹೆಚ್ಚಿಸಿದರು. ಕಂಬ ನಿಲ್ಲಿಸಿ, ತೊಲೆ ಏರಿಸಿ, ಜಂತಿ ಹೊಂದಿಸಿ, ಮೇಲೆ ಸೊಪ್ಪು-ಮಣ್ಣು ಹಾಕಿದರೆ ಮುಗಿಯಿತು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹರಡಿದರೆ ಸೋರುತ್ತಲೂ ಇರಲಿಲ್ಲ. ಕತ್ತಲಾಯಿತು ಅನ್ನಿಸಿದರೆ ಮಾಳಿಗೆಯಲ್ಲೇ ಒಂದು ಬೆಳಕಿಂಡಿ. ಆದರೆ ಅಲ್ಲಿ ಬಗಲಿಗೆ ಜಾಗ ಇತ್ತು. ನಮಗೆ ಬಗಲಿಗೆ ಇರುವುದು ಪಕ್ಕದ ಮನೆಯವರ ಬಚ್ಚಲು.

ಹಿತ್ತಲಿಗೆ ಕಟ್ಟೋಣ ಅಂದರು ನಮ್ಮ ಮನೆಯವರು. ಮೆಟ್ಟಿಲು ಹತ್ತೋದಿಲ್ಲ, ಖರ್ಚೂ ಕಡಿಮೆ. ಟೇಪು ಹಿಡಿದುಕೊಂಡು ಹೋಗಿ ಅಳತೆ ಮಾಡಿಕೊಂಡೇ ಬಂದರು. ಒಂಬತ್ತು ಅಡಿ. ನಕ್ಷೆ ಪ್ರಕಾರ ಹಿಂದೆ ಒಂದಷ್ಟು ಬಿಡಲೇಬೇಕು. ಅದನ್ನು ಬಿಟ್ಟರೆ ಮಂಚ ಹಾಕಿದ ಮೇಲೆ ಬಾಗಿಲು ಪೂರ್ತಿ ತೆಗೆಯಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಡುಗೆಮನೆಯ ಕಿಟಕಿ ಇರುವುದು ಹಿತ್ತಲ ಕಡೆಗೆ. ಅದರ ಆಚೆ ಒಂದು ಕರಿಬೇವಿನ ಗಿಡ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕೊಣಮಿಗೆಯ ಮೇಲೆ ಆ ಕಿಟಕಿಯ ಬೆಳಕು ಬೀಳುತ್ತದೆ. ರೊಟ್ಟಿಯ ಅಂಚು ಎಲ್ಲಿ ಬಿರಿದಿದೆ ಅಂತ ಲೈಟಿಲ್ಲದೆಯೇ ಕಾಣುತ್ತದೆ. ಹಿಂದೆ ಕೋಣೆ ಬಂದರೆ ಈ ಕಿಟಕಿ ಸೊಸೆಯ ಕೋಣೆಗೆ ತೆರೆಯುತ್ತದೆ. ಅವರಿಗೆ ಒಗ್ಗರಣೆ ಘಾಟು, ನನಗೆ ಕತ್ತಲು. ಒಂದು ಕೋಣೆ ಕಟ್ಟಿ ಇನ್ನೊಂದನ್ನು ಉಗ್ರಾಣ ಮಾಡಿಕೊಂಡ ಮನೆಗಳನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಹಗಲು ಹನ್ನೆರಡಕ್ಕೂ ಟ್ಯೂಬ್‌ಲೈಟು.

ನನ್ನ ಮಾತಿಗೆ ಅವರು ಬಗ್ಗಲಿಲ್ಲ. ಬಗ್ಗಿಸಿದವನು ಗೌಂಡಿ. ಅವನು ಹಿತ್ತಲಿಗೆ ಹೋಗಿ ಸಲಾಕೆಯಿಂದ ನೆಲ ಕೆದಕಿದ. ಕೆಳಗೆಲ್ಲ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ‘ಸರ, ಹಳೇ ಗ್ವಾಡಿ ಕುಂತು ಎಷ್ಟೋ ವರ್ಷ ಆತ್ರಿ. ಹೊಸಾದು ಇನ್ನ ಮ್ಯಾಲ ಕೂಡ್ರಬೇಕು. ಎರಡನ್ನೂ ಹಚ್ಚಿ ಕಟ್ಟಿದ್ರ ನಡುವ ಬಿರುಕು ಬಿಡೋದ ಸೈ’ ಅಂದ. ಬೇಕೇ ಬೇಕಂದರೆ ತಳಪಾಯ ಬೇರೆ ಆಳಕ್ಕೆ ತೆಗೆದು, ಎರಡು ಗೋಡೆಗಳ ನಡುವೆ ಸ್ವಲ್ಪ ಸಂದು ಬಿಡಬೇಕಂತೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ‘ನಾ ಈ ಮನಿಗೆ ಬಂದಾಗ ನನಗೂ ಕೂಡ್ರಾಕ ಹತ್ತು ವರ್ಷ ಬೇಕಾತು’ ಅಂದರು. ಗೌಂಡಿಗೆ ಅದು ಅರ್ಥವಾಯಿತೋ ಇಲ್ಲವೋ. ನಮ್ಮ ಮನೆಯವರಿಗೆ ಅರ್ಥವಾಗಿ ಟೇಪು ಸುತ್ತಿಟ್ಟರು.

ಮುಂದಿನ ಕಡೆ ಅತ್ತೆಯ ಕಟ್ಟೆ ಇದೆ. ಅದರ ಮಾತು ಯಾರೂ ಎತ್ತಲಿಲ್ಲ. ಸಂಜೆ ಐದಕ್ಕೆ ಓಣಿಯ ನಾಲ್ಕು ಮುದುಕಿಯರು ಅಲ್ಲಿ ಸೇರದಿದ್ದರೆ ಯಾರ ಮನೆಯಲ್ಲಿ ಏನಾಯಿತು ಅಂತ ನಮಗೂ ಗೊತ್ತಾಗುವುದಿಲ್ಲ.

ನನ್ನ ತಮ್ಮ ಬಂದವನು, ‘ಸುಮ್ನೆ ಮ್ಯಾಲೊಂದು ತಗಡಿನ ಷೆಡ್ಡು ಹಾಕ್ಸಕ್ಕ, ವಾರದಾಗ ಮುಗೀತೈತಿ’ ಅಂದ. ಕೊಪ್ಪಳದ ಮೇ ತಿಂಗಳಲ್ಲಿ ತಗಡಿನ ಕೆಳಗೆ ಹಂಚು ಇಡದೆ ರೊಟ್ಟಿ ಸುಡಬಹುದು. ಹೊಸ ಮದುಮಗಳನ್ನು ಅಲ್ಲಿ ಇಟ್ಟರೆ ಬೀಗರು ಏನಂದಾರು?

ಉಳಿದದ್ದು ಮೇಲೆ ಗಟ್ಟಿ ಕೋಣೆ. ನಿಜ ಹೇಳಬೇಕೆಂದರೆ ಅದಕ್ಕೆ ಜಾಸ್ತಿ ತಕರಾರು ನನ್ನದೇ. ಮಾಳಿಗೆ ಅಂದರೆ ನಮಗೆ ಬೇಸಿಗೆಯ ಮಲಗುವ ಮನೆ. ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿ ಮನೆಯೊಳಗೆ ಬಿಡುತ್ತದೆ. ಅದಕ್ಕೇ ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹಾಕುತ್ತೇವೆ. ಬುಸ್ ಅಂತ ಹಬೆ ಏಳುತ್ತದೆ. ಅದು ಆರಿದ ಮೇಲೆ ಚಾಪೆ, ಕೌದಿ. ಶಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗುವುದೂ ಅಲ್ಲೇ. ಅಲ್ಲಿ ಕೋಣೆ ಬಂದರೆ ನಾವು ಎಲ್ಲಿ ಹೋಗಬೇಕು?

‘ಪೂರ್ತಿ ಎದಕ್ ಕಟ್ಟಬೇಕ್ರಿ ಅಕ್ಕಾರ?’ ಅಂದ ಗೌಂಡಿ. ಹತ್ತು-ಹನ್ನೆರಡರ ಕೋಣೆಯನ್ನು ಪಡುವಣ ಬದಿಗೆ ಸರಿಸಿದರೆ ಮಧ್ಯಾಹ್ನದ ಮೇಲೆ ಅದರ ನೆರಳು ಉಳಿದ ಮಾಳಿಗೆ ಮೇಲೆ ಬೀಳುತ್ತದೆ. ನಾಲ್ಕು ಕೊಡದ ಕಡೆ ಎರಡು ಕೊಡ ಸಾಕು. ಆ ಕೋಣೆಗೆ ಬಿಸಿಲು ಬಡಿಯುತ್ತದಲ್ಲ ಅಂದೆ. ಅದರ ಪಡುವಣ ಗೋಡೆಗೆ ಹೊರಗಿನಿಂದ ಮೆಟ್ಟಿಲು ಮತ್ತು ಬಚ್ಚಲು ಬರಲಿ, ಬಿಸಿಲನ್ನು ಅವೇ ತಿನ್ನುತ್ತವೆ ಅಂದ. ಕೆಳಗಿನ ಬಚ್ಚಲೂ ಅದೇ ಮೂಲೆಯಲ್ಲಿದ್ದದ್ದರಿಂದ ಪೈಪು ನೆಟ್ಟಗೆ ಇಳಿಯಿತು. ಸ್ಲ್ಯಾಬಿಗೆ ಮೇಲೆ ಸುಣ್ಣ ಬಳಿಸಿದೆವು. ದುಬಾರಿ ಬಣ್ಣಗಳಿವೆ, ಆದರೆ ಸುಣ್ಣಕ್ಕೂ ಸೆಕೆ ಕಡಿಮೆಯಾಗುವುದು ಗೊತ್ತಾಗುತ್ತದೆ. ಮೆಟ್ಟಿಲು ಹದಿನೆಂಟಾದವು. ಒಂದೊಂದು ಏಳು ಇಂಚಿನ ಒಳಗೇ ಇರಲಿ ಅಂತ ನಾನು ಹಟ ಹಿಡಿದೆ. ಅತ್ತೆಗಾಗಿ ಅಂದೆ. ಮಂಡಿ ನನ್ನದೂ ನೋಯುತ್ತದೆ.

ಮಾವನವರ ಕಂಬಿಗಳನ್ನು ಎಂಜಿನಿಯರು ಬಂದು ನೋಡಿದರು. ತುಕ್ಕು ಮೇಲೆ ಮೇಲಷ್ಟೇ ಹಿಡಿದಿತ್ತು. ಅಂದೇ ಸಿಮೆಂಟಿನ ಹಾಲು ಬಳಿದಿಟ್ಟಿದ್ದರೆ ಇಷ್ಟೂ ಆಗುತ್ತಿರಲಿಲ್ಲವಂತೆ. ತಂತಿ ಬ್ರಷ್ಷಿನಿಂದ ಉಜ್ಜುವಾಗ ಒಂದು ಕಂಬಿಗೆ ಕಟ್ಟಿದ್ದ ನೈಲಾನ್ ಹಗ್ಗ ಬಿಚ್ಚಲು ಬರದೆ ಹುಡುಗ ಕುಡುಗೋಲಿನಿಂದ ಕೊಯ್ದ. ಅತ್ತೆ ಅವನನ್ನು ಬೈದು, ತುಂಡುಗಳನ್ನು ಗಂಟು ಹಾಕಿ ಎತ್ತಿಟ್ಟುಕೊಂಡರು.

ಸ್ಲ್ಯಾಬು ಹಾಕುವ ಹಿಂದಿನ ದಿನ ಗೌಂಡಿ ಮೇಲಿನಿಂದಲೇ ಕೂಗಿ ಕೇಳಿದ.

‘ಅಕ್ಕಾರ, ಕಂಬಿ ಎಷ್ಟ್ ಬಿಡ್ಲಿರಿ? ಮುಂದ ಜೋಡಸಾಕ ಎರಡ್ ಫೂಟರ ಬೇಕು.’

ನಾನು, ನಮ್ಮ ಮನೆಯವರು, ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಟ್ಟೆಯ ಮೇಲಿನಿಂದ ಅತ್ತೆಯೇ ಉತ್ತರ ಕೊಟ್ಟರು.

‘ನಾಲ್ಕ್ ಫೂಟ್ ಬಿಡಪಾ. ಎರಡು ಫೂಟಿಗೆ ಹಗ್ಗ ಕಟ್ಟಿದ್ರ ಸೀರಿ ನೆಲಕ್ಕ ಹತ್ತತೈತಿ.’