ಮೋಡೆಮ್ ನಮ್ಮದು, ಬೀಗದ ಕೈ ಅವರದು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯೋದು ನನ್ನ ಕೆಲಸ. ರೈತರಿಗೆ ದುಡ್ಡು ಹಾಕೋದು ಈಗ ಜಾಸ್ತಿ ಆನ್‌ಲೈನಲ್ಲೇ. ಹೋದ ಸೀಸನ್‌ನಲ್ಲಿ ಒಂದು ದಿನ ಬ್ಯಾಂಕಿನ ಸೈಟ್ ತೆರೆದರೆ 'ಇದು ಸುರಕ್ಷಿತವಲ್ಲ' ಅಂತ ಕೆಂಪು ಎಚ್ಚರಿಕೆ ಬಂತು. ಹೊರಗೆ ರೈತರು ಪಟ್ಟಿ ಹಿಡಿದು ನಿಂತಿದ್ದರು. ವಿಳಾಸ ಮೂರು ಸಲ ಟೈಪ್ ಮಾಡಿದೆ. ಒಂದಕ್ಷರ ತಪ್ಪಿರಲಿಲ್ಲ. ಅದೇ ವಿಳಾಸ ಮೊಬೈಲ್ ಡೇಟಾದಲ್ಲಿ ಸರಿಯಾಗಿ ತೆರೆಯಿತು.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. "ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್" ಅಂದರು. ಮಾಡಿದೆ. ಅದೇ ಕಥೆ.

ಭಾನುವಾರ ಬೆಂಗಳೂರಿಂದ ಅಕ್ಕನ ಮಗ ಬಂದ. ಮೋಡೆಮ್‌ನ ಸೆಟ್ಟಿಂಗ್ ಪುಟ ತೆರೆಯೋಕೆ ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದ. ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ತೆರೆದುಕೊಂಡೇಬಿಟ್ಟಿತು! ಡಿಎನ್‌ಎಸ್ ಅನ್ನೋ ಜಾಗದಲ್ಲಿ ಯಾವುದೋ ಗುರುತಿಲ್ಲದ ನಂಬರು ಕೂತಿತ್ತು. ಡಿಎನ್‌ಎಸ್ ಅಂದರೆ ನಾವು ಹೊಡೆದ ಸೈಟಿನ ಹೆಸರಿಗೆ ಯಾವ ನಂಬರಿಗೆ ಹೋಗಬೇಕು ಅಂತ ಹೇಳೋದು, ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದ್ದ ಹಾಗೆ. ಅಲ್ಲಿ ಕಳ್ಳನೇ ಕೂತರೆ, ಮುಳಬಾಗಿಲು ಬಸ್ ಯಾವುದು ಅಂತ ಕೇಳಿದವರನ್ನ ಎಲ್ಲಿಗೆ ಬೇಕಾದರೂ ಹತ್ತಿಸಬಹುದು. ಆಮೇಲೆ ಅವನು ತನ್ನ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ನಮ್ಮ ಐಪಿ ನಂಬರು, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮ ಕನೆಕ್ಷನ್ನಿನ ವಿಳಾಸ, ಹೊಡೆದ. ಅದೇ ಲಾಗಿನ್ ಪುಟ ಬಂತು. "ಮಾಮ, ಇದನ್ನ ರಸ್ತೆಯಲ್ಲಿ ಹೋಗೋರೂ ತೆಗೀಬಹುದು" ಅಂದ.

ಇದೇನು ಹೊಸ ಕಳ್ಳತನ ಅಲ್ಲ. ಬ್ರೆಜಿಲ್‌ನಲ್ಲಿ 2011–12ರ ಹೊತ್ತಿಗೆ ಸುಮಾರು 45 ಲಕ್ಷ ಮೋಡೆಮ್‌ಗಳ ಡಿಎನ್‌ಎಸ್ ಹೀಗೇ ಬದಲಾಗಿತ್ತು. ನಮ್ಮ ಕರ್ನಾಟಕದಲ್ಲೂ ಮೋಡೆಮ್‌ಗಳ ಮೇಲೆ ದಾಳಿ ಆಗಿದೆ. 2017ರ ಜುಲೈನಲ್ಲಿ ಒಂದು ಮಾಲ್‌ವೇರ್ (ಹಾಳು ಮಾಡೋಕೆಂದೇ ಬರೆದ ಸಾಫ್ಟ್‌ವೇರ್) ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳನ್ನ ಕೆಡಿಸಿ ಕೂರಿಸಿತ್ತು. ಕಾರಣ, ನಮ್ಮಲ್ಲಿದ್ದ ಹಾಗೇ ಬದಲಾಯಿಸದ ಪಾಸ್‌ವರ್ಡ್.

ಇಷ್ಟಾದ ಮೇಲೆ ಎಲ್ಲರೂ ನಮಗೇ ಬುದ್ಧಿ ಹೇಳ್ತಾರೆ: ಪಾಸ್‌ವರ್ಡ್ ಬದಲಾಯಿಸಿ. ಸರಿ ಸ್ವಾಮಿ, ಬದಲಾಯಿಸಿದೆ. ಆದರೆ ನನ್ನ ಲಾಗಿನ್ ಮೇಲೆ ಕಂಪನಿಯದೇ ಇನ್ನೊಂದು ಲಾಗಿನ್ ಇದೆಯಂತೆ. ಅದರ ಪಾಸ್‌ವರ್ಡ್ ನನಗೆ ಹೇಳೋದಿಲ್ಲ. ಹೊರಗಿನಿಂದ ಬರೋ ಬಾಗಿಲು ಮುಚ್ಚೋ ಆಯ್ಕೆ ಇರೋದು ಅದರೊಳಗೇ. ಮೋಡೆಮ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕಾದವರೂ ಅವರೇ. ಕೇಳಿದರೆ "ಪ್ಲಾನ್ ಅಪ್‌ಗ್ರೇಡ್ ಮಾಡಿಸ್ತೀರಾ ಸರ್" ಅಂತಾರೆ. ದುಡ್ಡು ಕಟ್ಟೋನು ನಾನು, ಬೀಗದ ಕೈ ಅವರ ಹತ್ತಿರ, ಕಳ್ಳತನ ಆದರೆ ಮಾತ್ರ ತಪ್ಪು ನನ್ನದು. ಇದ್ಯಾವ ನ್ಯಾಯ ಅಂತೀನಿ.

ಅಪ್‌ಡೇಟ್ ವಿಚಾರ ಇನ್ನೂ ಕೆಟ್ಟದ್ದು. 2014ರಲ್ಲಿ ಚೆಕ್ ಪಾಯಿಂಟ್ ಅನ್ನೋ ಸಂಸ್ಥೆ ಸುಮಾರು 1.2 ಕೋಟಿ ಮೋಡೆಮ್, ರೂಟರ್‌ಗಳಲ್ಲಿ ಒಂದು ದೋಷ ಹಿಡಿಯಿತು. ಆ ಸಾಫ್ಟ್‌ವೇರ್ ಮಾಡಿದವರು ಅದನ್ನ 2005ರಲ್ಲೇ ಸರಿಪಡಿಸಿದ್ದರು! ಒಂಬತ್ತು ವರ್ಷ ಕಳೆದರೂ ಹಳೇ ಸಾಫ್ಟ್‌ವೇರೇ ಮನೆಮನೆಗಳಲ್ಲಿ ಓಡ್ತಾ ಇತ್ತು. ಟೊಮೆಟೊ ಬಾಕ್ಸಿನ ತಳದಲ್ಲಿ ಕೊಳೆತ ಹಣ್ಣಿದ್ದರೆ ಖರೀದಿದಾರ ಸುಮ್ನೆ ಇರ್ತಾನಾ? ಮಂಡಿ ಮಾಲೀಕರ ಕೊರಳಪಟ್ಟಿ ಹಿಡೀತಾನೆ.

ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಇಂಥ ಸುಲಭಕ್ಕೆ ಊಹಿಸೋ ಪಾಸ್‌ವರ್ಡ್ ಇಟ್ಟು ಸಾಧನ ಮಾರೋದೇ ಕಾನೂನಿಗೆ ವಿರುದ್ಧ. ಪ್ರತಿ ಡಬ್ಬಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು, ಇಲ್ಲ ಬಳಸೋನೇ ಇಟ್ಟುಕೊಳ್ಳಬೇಕು. ಇದೇನು ರಾಕೆಟ್ ಹಾರಿಸೋ ಕೆಲಸ ಅಲ್ಲ. ಸ್ಟಿಕ್ಕರ್ ಮೇಲೆ ಬೇರೆ ನಂಬರು ಪ್ರಿಂಟ್ ಮಾಡಿದರೆ ಆಯ್ತು.

ಮೊನ್ನೆ ಪಕ್ಕದ ಮಂಡಿಗೆ ಹೊಸ ಕನೆಕ್ಷನ್ ಬಂತು. ಹುಡುಗ ಏಣಿ ಹತ್ತಿ ವೈರ್ ಎಳೆದು, ಡಬ್ಬಿ ಗೋಡೆಗೆ ಹೊಡೆದು, ಹತ್ತು ನಿಮಿಷಕ್ಕೆ ಮುಗಿಸಿದ. "ಪಾಸ್‌ವರ್ಡ್ ಏನಿಟ್ಟೆಯಪ್ಪಾ?" ಅಂದೆ. "ಓನರ್ ಫೋನ್ ನಂಬರೇ ಸರ್, ಮರೆಯಲ್ಲ" ಅಂದ.

ಆ ನಂಬರು ಅವನ ತಲೆ ಮೇಲೇ ಮಂಡಿಯ ಬೋರ್ಡಿನಲ್ಲಿತ್ತು, ಹಳದಿ ಬಣ್ಣದಲ್ಲಿ, ಗೇಟಿನವರೆಗೂ ಕಾಣೋ ಹಾಗೆ.